ಕೆಲಸ ಕೊಡಿಸುವುದು ಕಾನೂನೇ ಹೇಳಿದ ಕೆಲಸ

2024ರ ಕೊನೆಯಲ್ಲಿ ಕರ್ನಾಟಕ ಹೈಕೋರ್ಟು ಕನಕಪುರ ತಾಲ್ಲೂಕಿನವನಾದ ಕೊಲೆ ಪ್ರಕರಣದ ಕೈದಿಯೊಬ್ಬನಿಗೆ ಬೇಸಾಯ ಮಾಡಲೆಂದು 90 ದಿನಗಳ ಪೆರೋಲ್ ಕೊಟ್ಟಿತು. ಮನೆಯಲ್ಲಿ ಜಮೀನು ನೋಡಿಕೊಳ್ಳುವ ಗಂಡಾಳು ಬೇರೆ ಇಲ್ಲ, ಹತ್ತು ವರ್ಷಕ್ಕೂ ಮೀರಿ ಒಳಗಿದ್ದಾನೆ ಎಂಬುದು ಅರ್ಜಿಯ ಆಧಾರ. ಇಂಥ ಆದೇಶ ಸುದ್ದಿಯಾದಾಗಲೆಲ್ಲ ಕೊಲೆ ಮಾಡಿದವನಿಗೆ ಉಳುಮೆಯ ರಜೆಯೇ ಎಂಬ ಸಿಟ್ಟು ಏಳುತ್ತದೆ. ಆ ಸಿಟ್ಟಿನಲ್ಲಿ ನೊಂದವರ ನೋವೂ ಇರುತ್ತದೆ, ಅದನ್ನು ತಳ್ಳಿಹಾಕಲಾಗದು. ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ತನ್ನ ಹೊಲದಲ್ಲಿ ತಾನು ದುಡಿಯಲು ಒಬ್ಬ ಹೈಕೋರ್ಟಿನವರೆಗೆ ಏಕೆ ಹೋಗಬೇಕಾಯಿತು? ಹೊಲವೇ ಇಲ್ಲದವನು, ಕೂಲಿಯನ್ನೋ ಗ್ಯಾರೇಜಿನ ಕೆಲಸವನ್ನೋ ನಂಬಿದವನು ಏನು ಮಾಡಬೇಕು? ಶಿಕ್ಷೆಯ ಅವಧಿಯಲ್ಲೇ ಊರಿನ ನಡುವೆ ಬದುಕಲು ಕಾನೂನು ಒಪ್ಪಿದ ವ್ಯಕ್ತಿಗೆ ಕೆಲಸ ಹುಡುಕಿಕೊಡುವುದು ದಯೆಯ ಮಾತಲ್ಲ. ಅದು ಸರ್ಕಾರದ ಮೇಲಿರುವ ಹೊಣೆ. ಆ ಹೊಣೆಯನ್ನು ನಾವು ಪುಸ್ತಕದಲ್ಲೇ ಬಿಟ್ಟಿದ್ದೇವೆ.

ಪುಸ್ತಕ ಎಂದರೆ, ಅಪರಾಧ ಸಾಬೀತಾದವರನ್ನು ಜೈಲಿಗೆ ಕಳಿಸದೆ ಮೇಲ್ವಿಚಾರಣೆಯಲ್ಲಿ ಹೊರಗೆ ಬಿಡಲು ಅವಕಾಶ ಕೊಡುವ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ನ್ಯಾಯಾಲಯಗಳಲ್ಲಿ ಎಲ್ಲರೂ ಪ್ರೊಬೇಷನ್ ಆ್ಯಕ್ಟ್ ಎನ್ನುವುದು. ಅದರ 14ನೇ ಸೆಕ್ಷನ್ ಪ್ರೊಬೇಷನ್ ಅಧಿಕಾರಿಯ ಕರ್ತವ್ಯಗಳನ್ನು ಹೇಳುತ್ತದೆ. ತನ್ನ ಮೇಲ್ವಿಚಾರಣೆಯಲ್ಲಿರುವವರಿಗೆ ಅಗತ್ಯವಿದ್ದಾಗ ತಕ್ಕ ಉದ್ಯೋಗ ಹುಡುಕಿಕೊಡಲು ಯತ್ನಿಸಬೇಕು ಎಂಬುದು ಅವುಗಳಲ್ಲಿ ಒಂದು. ವರದಿ ಬರೆಯುವುದು, ಮನೆಗೆ ಭೇಟಿ ಕೊಡುವುದು ಎಷ್ಟು ಕಡ್ಡಾಯವೋ ಇದೂ ಅಷ್ಟೇ. ಇದೇ ಕಾಯ್ದೆಯ 4ನೇ ಸೆಕ್ಷನ್ನಿನಡಿ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡುವ ಮುನ್ನ ಅಪರಾಧಿಗಾಗಲಿ ಜಾಮೀನುದಾರನಿಗಾಗಲಿ ನೆಲೆಯಾದ ವಾಸ ಅಥವಾ ನಿಯತ ಉದ್ಯೋಗ ಇದೆಯೇ ಎಂದು ನ್ಯಾಯಾಲಯ ನೋಡಬೇಕು. ಹೀಗಾಗಿ ಕೆಲಸವೆಂಬುದು ಪ್ರೊಬೇಷನ್ನಿನ ಬಾಗಿಲಲ್ಲೇ ಕೇಳುವ ಪ್ರಶ್ನೆ. ಕಟ್ಟಡದ ಕೆಲಸ ಮುಗಿದಂತೆ ಊರೂರು ಬದಲಿಸುವ ಕೂಲಿಯವನಿಗೆ ನೆಲೆಯಾದ ವಾಸವೂ ಇಲ್ಲ, ನಿಯತ ಉದ್ಯೋಗವೂ ಇಲ್ಲ, ಅವೆರಡೂ ಇರುವ ಜಾಮೀನುದಾರ ಸಿಗುವುದೂ ಕಷ್ಟ. ಅದೇ ತಪ್ಪು ಮಾಡಿದ ಸ್ವಂತ ಮನೆಯವನು ಮನೆಗೆ ಹೋಗುತ್ತಾನೆ, ಇವನು ಜೈಲಿಗೆ ಹೋಗುತ್ತಾನೆ. ಉದ್ಯೋಗ ಕೊಡಿಸುವ ಕರ್ತವ್ಯ ನಿಜವಾಗಿ ನಡೆದಿದ್ದರೆ ಈ ತಾರತಮ್ಯಕ್ಕೆ ಸ್ವಲ್ಪವಾದರೂ ಪರಿಹಾರ ಸಿಗುತ್ತಿತ್ತು.

ಪ್ರೊಬೇಷನ್ ಸಿಕ್ಕವನ ಪಾಡೂ ಸುಲಭವಲ್ಲ. ಹೀಗೆ ಬಿಡುಗಡೆಯಾದವರಿಗೆ ಶಿಕ್ಷೆಯ ಕಾರಣದಿಂದ ಬೇರೆ ಕಾನೂನುಗಳಡಿ ಅಂಟುವ ಅನರ್ಹತೆ ತಟ್ಟಬಾರದು ಎಂದು 12ನೇ ಸೆಕ್ಷನ್ ಹೇಳುತ್ತದೆ. ಆದರೆ ಅಪರಾಧ ಸಾಬೀತಾದ ಸಂಗತಿ ಅದರಿಂದ ಅಳಿಸಿಹೋಗುವುದಿಲ್ಲ, ಇಲಾಖೆ ಕ್ರಮ ಕೈಗೊಳ್ಳಬಹುದು ಎಂದು 1990ರ ಬಕ್ಷಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದಕ್ಕೆ ಐದು ವರ್ಷ ಮುಂಚೆ ಅದೇ ನ್ಯಾಯಾಲಯ ಶಂಕರ್ ದಾಸ್ ಪ್ರಕರಣದಲ್ಲಿ ಬೇರೆ ದನಿಯಲ್ಲಿ ಮಾತಾಡಿತ್ತು. 500 ರೂಪಾಯಿ ಇಟ್ಟುಕೊಂಡು, ಆಮೇಲೆ ಅದನ್ನು ಕಟ್ಟಿದ್ದ ಕ್ಯಾಷ್ ಕ್ಲರ್ಕ್ ಒಬ್ಬನನ್ನು ಕೆಲಸದಿಂದ ಕಿತ್ತುಹಾಕಿದ್ದು ಅತಿಯಾಯಿತೆಂದು ಮರಳಿ ಸೇರಿಸಿತು. ಎರಡೂ ತೀರ್ಪುಗಳು ಸರ್ಕಾರಿ ನೌಕರಿಯ ಕುರಿತವು. ಖಾಸಗಿ ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ ಕೇಳುವ ಕಡೆಯಂತೂ 12ನೇ ಸೆಕ್ಷನ್ನಿನ ಹೆಸರೆತ್ತುವವರಿಲ್ಲ. ಆ್ಯಪ್ ಟ್ಯಾಕ್ಸಿಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ಕೊಟ್ಟ ಮಾರ್ಗಸೂಚಿಯನ್ನೇ ನೋಡಿ. ಕುಡಿದು ಓಡಿಸಿದ್ದಕ್ಕೋ ವಂಚನೆ, ಕಳವು, ಹಿಂಸೆಗಳಿಗೋ ಹಿಂದಿನ 7 ವರ್ಷಗಳಲ್ಲಿ ಅಪರಾಧಿ ಎನಿಸಿಕೊಂಡವರು ಚಾಲಕರಾಗುವಂತಿಲ್ಲ ಎಂದು ಅದು ಹೇಳಿತ್ತು. ಆದರೆ ಸಣ್ಣ ಕಳವಿನ ಮೊದಲ ಅಪರಾಧಿಯನ್ನು ಬುದ್ಧಿ ಹೇಳಿ ಕಳಿಸಬಹುದೆಂದು 1958ರ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ನ್ಯಾಯಾಧೀಶರು ಜೈಲು ಬೇಡವೆಂದು ಮನೆಗೆ ಕಳಿಸಿದ ಹುಡುಗನಿಗೆ, ಆ ಮಾರ್ಗಸೂಚಿಯಂತೆ ನಡೆದರೆ, ಬೆಂಗಳೂರಿನಲ್ಲಿ ಬಡವರಿಗೆ ಬೇಗ ಸಿಗುವ ಒಂದು ಕೆಲಸ ಏಳು ವರ್ಷ ಮುಚ್ಚಿಹೋಗುತ್ತಿತ್ತು.

ಪ್ರಾಮಾಣಿಕವಾಗಿ ಓದಿ ಕೆಲಸವಿಲ್ಲದೆ ಕೂತ ಲಕ್ಷಾಂತರ ಹುಡುಗರಿರುವಾಗ ತಪ್ಪು ಮಾಡಿದವರ ಚಿಂತೆ ಏಕೆ ಎನ್ನುವವರಿದ್ದಾರೆ. ಕೆಲಸವಿಲ್ಲದವರ ಸಂಕಟ ದೊಡ್ಡದು, ನಿಜ. ಆದರೆ ಇಲ್ಲಿ ಯಾರೂ ಮೀಸಲಾತಿ ಕೇಳುತ್ತಿಲ್ಲ. ಬಾಗಿಲು ತಟ್ಟುವ ಮೊದಲೇ ಅಗುಳಿ ಹಾಕಬೇಡಿ ಎನ್ನುವುದಷ್ಟೇ ಬೇಡಿಕೆ. ಇನ್ನು ನೊಂದವರ ಹೆಸರಿನಲ್ಲಿ ವಿರೋಧಿಸುವವರು 5ನೇ ಸೆಕ್ಷನ್ ಓದಬೇಕು. ಪ್ರೊಬೇಷನ್ ಮೇಲೆ ಬಿಡುವಾಗ ನೊಂದವರಿಗೆ ಪರಿಹಾರ ಕೊಡುವಂತೆ ನ್ಯಾಯಾಲಯ ಆದೇಶಿಸಬಹುದು. ಕೈದಿಗಳ ಕೂಲಿಯ ಬಗ್ಗೆ 1998ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಕೂಡ ಆ ಗಳಿಕೆಯ ಒಂದು ಪಾಲು ನೊಂದವರಿಗೆ ಸಲ್ಲಬೇಕೆಂದು ಹೇಳಿತ್ತು. ಸಂಪಾದನೆಯೇ ಇಲ್ಲದವನಿಂದ ಪರಿಹಾರ ಎಲ್ಲಿಂದ ಬರಬೇಕು? ಕೆಲಸ ತಪ್ಪಿಸಿದರೆ ಮೊದಲ ಪೆಟ್ಟು ಬೀಳುವುದು ನೊಂದ ಮನೆಗೇ.

ಸುರಕ್ಷತೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದವನನ್ನು ಶಾಲಾ ವಾಹನಕ್ಕೆ ಹಾಕಿ ಎಂದು ಬುದ್ಧಿಯಿರುವ ಯಾರೂ ಹೇಳಲಾರರು. ಮಾಲೀಕನಿಗೆ ತಿಳಿಯುವ ಹಕ್ಕೂ ಇದೆ. ಆದರೆ ಏನು ತಿಳಿಯಬೇಕು, ಎಷ್ಟು ಕಾಲ, ಯಾವ ಕೆಲಸಕ್ಕೆ ಎಂಬ ಗೆರೆಯನ್ನು ಯಾರಾದರೂ ಎಳೆಯಲೇಬೇಕಲ್ಲ. ಬ್ರಿಟನ್ 1974ರಲ್ಲೇ ಕಾನೂನು ಮಾಡಿ, ನಿಗದಿತ ಕಾಲ ಕಳೆದ ಮೇಲೆ ಬಹುಪಾಲು ಕೆಲಸಗಳಿಗೆ ಹಳೆಯ ಸಣ್ಣ ಶಿಕ್ಷೆಗಳನ್ನು ಹೇಳಬೇಕಿಲ್ಲ ಎಂದಿತು. ಮಕ್ಕಳೊಡನೆ ಒಡನಾಡುವಂಥ ಕೆಲಸಗಳನ್ನು ಅದರಿಂದ ಹೊರಗಿಟ್ಟಿತು. ಗೆರೆ ಎಳೆಯದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞೆ ಡೇವಾ ಪೇಜರ್ ಅಮೆರಿಕದ ಮಿಲ್ವಾಕಿ ನಗರದಲ್ಲಿ ಅಳೆದು ತೋರಿಸಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಒಂದೇ ಅರ್ಹತೆಯ ಬಿಳಿಯ ಯುವಕರ ಪೈಕಿ ಜೈಲಿನ ದಾಖಲೆ ಇಲ್ಲದವರಿಗೆ ಶೇ 34ರಷ್ಟು ಕಡೆಗಳಿಂದ ಕರೆ ಬಂತು, ದಾಖಲೆ ಇದ್ದವರಿಗೆ ಶೇ 17. ಕರಿಯ ಯುವಕರಲ್ಲಿ ಈ ಅಂಕಿ 14 ಮತ್ತು 5. ತಪ್ಪೇ ಮಾಡದ ಕರಿಯನಿಗಿಂತ ಶಿಕ್ಷೆ ಅನುಭವಿಸಿದ ಬಿಳಿಯನಿಗೆ ಹೆಚ್ಚು ಕರೆಗಳು. ನಮ್ಮ ಸಮಾಜದಲ್ಲಿ ಜಾತಿ ಮತ್ತು ಜೈಲಿನ ದಾಖಲೆ ಎಂಬ ಎರಡು ಹೊರೆ ಒಂದೇ ಹೆಗಲ ಮೇಲೆ ಬಿದ್ದರೆ ಏನಾದೀತು ಎಂದು ಊಹಿಸಲು ಅಧ್ಯಯನ ಬೇಕಿಲ್ಲ.

ತರಬೇತಿಯ ವಿಷಯದಲ್ಲಿ ಕರ್ನಾಟಕ ಕೈಕಟ್ಟಿ ಕೂತಿಲ್ಲ. ನಮ್ಮ ಜೈಲುಗಳಲ್ಲಿ ನೇಯ್ಗೆ, ಬಡಗಿ ಕೆಲಸ, ಬೇಕರಿ ನಡೆಯುತ್ತವೆ. ಕೈದಿಗಳ ದಿನಗೂಲಿ 500 ರೂಪಾಯಿ ದಾಟಿದೆ. ದೇವನಹಳ್ಳಿಯ ಬಳಿ ಬಯಲು ಬಂದೀಖಾನೆಯೂ ಇದೆ. ಆದರೆ ಇದೆಲ್ಲ ಗೋಡೆಯ ಒಳಗಿನ ಏರ್ಪಾಡು. ಹೊರಗೆ ಮುಚ್ಚಳಿಕೆಯ ಮೇಲಿರುವವನಿಗೆ ಐಟಿಐ ಸೀಟೂ ಇಲ್ಲ, ಕೂಲಿಯೂ ಇಲ್ಲ. ಕೆಲಸದ ದಿನವೇ ಠಾಣೆಗೆ ಹೋಗಿ ಸಹಿ ಹಾಕಬೇಕೆಂಬ ಷರತ್ತಿದ್ದರೆ ದಿನಗೂಲಿಯವನು ಪ್ರತಿ ಸಲವೂ ಒಂದು ದಿನದ ಸಂಬಳ ಬಿಟ್ಟು ನಡೆಯಬೇಕು. ಸಹಿಯನ್ನು ವಾರದ ರಜೆಗೆ ಹೊಂದಿಸುವುದು ಒಂದು ಸಾಲಿನ ತಿದ್ದುಪಡಿ. ಪ್ರತಿ ಜಿಲ್ಲೆಯ ಪ್ರೊಬೇಷನ್ ಅಧಿಕಾರಿ ವರ್ಷಕ್ಕೆ ಎಷ್ಟು ಜನರಿಗೆ ಕೆಲಸ ಕೊಡಿಸಿದರೆಂದು ವಿಧಾನಮಂಡಲಕ್ಕೆ ವರದಿ ಬರಬೇಕು. 3ನೇ ಸೆಕ್ಷನ್ನಿನಡಿ ಬಿಡುಗಡೆಯಾದವರ ಮತ್ತು 4ನೇ ಸೆಕ್ಷನ್ನಿನಡಿ ಬಿಡುಗಡೆಯಾಗಿ ಷರತ್ತು ಮುರಿಯದೆ ಅವಧಿ ಮುಗಿಸಿದವರ ಪ್ರಕರಣವನ್ನು, ಮಕ್ಕಳು ಮತ್ತು ಅಶಕ್ತರನ್ನು ನೋಡಿಕೊಳ್ಳುವ ಕೆಲಸಗಳನ್ನು ಬಿಟ್ಟು, ಪೊಲೀಸ್ ಪ್ರಮಾಣಪತ್ರದಲ್ಲಿ ಕಾಣಿಸಬಾರದು. 1958ರ ಕಾಯ್ದೆಯ 17ನೇ ಸೆಕ್ಷನ್ ಕೇಂದ್ರದ ಒಪ್ಪಿಗೆ ಪಡೆದು ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯಕ್ಕೇ ಕೊಟ್ಟಿದೆ. ಗೃಹ ಇಲಾಖೆ ಮತ್ತು ಕೌಶಲ್ಯಾಭಿವೃದ್ಧಿ ಇಲಾಖೆ ಒಟ್ಟಿಗೆ ಕೂತು ಆ ನಿಯಮದ ಕರಡನ್ನು ಮುಂದಿನ ಬಜೆಟ್ ಅಧಿವೇಶನದೊಳಗೆ ಸಾರ್ವಜನಿಕರ ಮುಂದಿಡಲಿ.