ಕಾಲುವೆಯ ಕೊನೆಯ ಹೊಲ



ಕಳೆದ ತಿಂಗಳು ಧಾರವಾಡದಲ್ಲಿ ವಯೋವೃದ್ಧ ನಿವೃತ್ತ ನೀರಾವರಿ ಇಂಜಿನಿಯರೊಬ್ಬರು ಲಿಂಗೈಕ್ಯರಾದರು. ಅವರ ಹೆಸರನ್ನಾಗಲಿ ಭಾವಚಿತ್ರವನ್ನಾಗಲಿ ಇಲ್ಲಿ ಅಚ್ಚು ಹಾಕಿಸಿಲ್ಲ. "ಕಾಲುವೆ ತೋಡಿದವರು ಸಾವಿರಾರು ಮಂದಿ, ಒಬ್ಬನ ಚಿತ್ರ ಹಾಕಿದರೆ ಲೆಕ್ಕ ತಪ್ಪುತ್ತದೆ" ಎಂದು ಅವರು ಬದುಕಿದ್ದಾಗಲೇ ನಮ್ಮಿಂದ ಮಾತು ತೆಗೆದುಕೊಂಡಿದ್ದರು. ಆದರೆ ಬರೆಯಲೇಬೇಡಿ ಎಂದಿರಲಿಲ್ಲ. ಆ ಸಂದಿನಲ್ಲಿ ನುಸುಳಿ ಈ ನಾಲ್ಕು ಮಾತು.

ಅವರದು ನವಲಗುಂದ ಸೀಮೆಯ ಎರೆಭೂಮಿಯ ಒಕ್ಕಲು ಮನೆತನ. ತಂದೆ ಇಲ್ಲದ ಮನೆಯಲ್ಲಿ ಅಣ್ಣನೇ ತಂದೆ. ಆ ಅಣ್ಣ ಜೋಡೆತ್ತುಗಳಲ್ಲಿ ಒಂದನ್ನು ಮಾರಿ ತಮ್ಮನನ್ನು ಹುಬ್ಬಳ್ಳಿಯ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜಿಗೆ ಕಳುಹಿಸಿದರು. ಉಳಿದ ಒಂದೇ ಎತ್ತಿಗೆ ನೆರೆಯವರ ಎತ್ತನ್ನು ಹೂಡಿ ಎರಡು ವರ್ಷ ಬೇಸಾಯ ಸಾಗಿತು. ತಮ್ಮನಿಗೆ ಊಟ, ವಸತಿ ಮಠದ ಪ್ರಸಾದನಿಲಯದಲ್ಲಿ. ಎರಡು ದಶಕಗಳ ತರುವಾಯ ನಾವು ಅದೇ ನಿಲಯದ ಬಾಲಕರಾಗಿದ್ದಾಗ, ರವಿವಾರಗಳಂದು ಬಂದು ನಮಗೆ ಗಣಿತ ಹೇಳಿಕೊಡುತ್ತಿದ್ದರು. ಗಣಿತ ನಮಗೆ ಹತ್ತಲಿಲ್ಲ. ಅದು ಅವರ ತಪ್ಪಲ್ಲ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಕೂಡುವ ಮಲಪ್ರಭೆಗೆ, ಸವದತ್ತಿ ಬಳಿಯ ನವಿಲುತೀರ್ಥದ ಇಕ್ಕಟ್ಟಾದ ಕಣಿವೆಯಲ್ಲಿ 1970ರ ದಶಕದ ಆರಂಭದ ವೇಳೆಗೆ ಅಣೆಕಟ್ಟು ಎದ್ದು ನಿಂತಿತು. ರೇಣುಕಾಸಾಗರವೆಂದು ಅದರ ಹೆಸರು. ಇವರ ಪಾಲಿಗೆ ಬಂದ ಕಾಯಕ ಅಣೆಕಟ್ಟಿನದಲ್ಲ, ಕಾಲುವೆಯದು. ಅಣೆಕಟ್ಟನ್ನು ನೋಡಲು ಮಂದಿ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಕಾಲುವೆಯನ್ನು ನೋಡಲು ಯಾರೂ ಹೋಗುವುದಿಲ್ಲ. ಆದರೆ ಕಷ್ಟವಿರುವುದು ಅಲ್ಲಿಯೇ. ಎರೆಮಣ್ಣು ನೀರುಂಡರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟು ಹಾಸಿದರೆ ಕೆಲವೇ ಮಳೆಗಾಲಗಳಲ್ಲಿ ಎದ್ದು ಸೀಳುತ್ತದೆ. ನಡುವೆ ಉಬ್ಬದ ಗರಸುಮಣ್ಣಿನ ದಪ್ಪ ಪದರ ಹಾಸಿ, ಹದವಾಗಿ ನೀರು ಚಿಮುಕಿಸಿ, ಬಿಗಿಯಾಗಿ ಕುಟ್ಟಬೇಕು. ಈ ಪದರ ಎಲ್ಲಿ ಒಂದು ಗೇಣು ಕಡಿಮೆಯಾಗಿದೆಯೋ ಅಲ್ಲಿ ಅಗೆದು ಮತ್ತೆ ಹಾಸಿರೆಂದು ಹಟ ಹಿಡಿದು ಗುತ್ತಿಗೆದಾರರಿಂದ ಅವರು ಕೇಳಿದ ಬೈಗುಳಗಳಿಗೆ ಮಿತಿಯಿರಲಿಲ್ಲ.

ಕಾಲುವೆ ತಮ್ಮ ಹುಟ್ಟೂರಿನ ಸೀಮೆಗೆ ಬಂದಾಗ ಪರೀಕ್ಷೆ ಬಂತು. ಅಣ್ಣನ ಹೊಲ ತುಸು ದಿಬ್ಬದ ಮೇಲಿತ್ತು. ತೂಬನ್ನು ಇನ್ನೂರು ಗಜ ಮೇಲಕ್ಕೆ ಸರಿಸಿದ್ದರೆ ನೀರು ಅಲ್ಲಿಗೆ ಏರುತ್ತಿತ್ತು. ಕೆಳಗಿನ ಆರು ಮನೆಗಳವರ ಪಾಲು ಕುಗ್ಗುತ್ತಿತ್ತು. ಅಣ್ಣ ಒಂದೇ ಸಲ ಕೇಳಿದರು. ತಮ್ಮ ಒಪ್ಪಲಿಲ್ಲ. ತೂಬು ನಕಾಶೆಯಲ್ಲಿದ್ದಲ್ಲಿಯೇ ಉಳಿಯಿತು. ಎತ್ತು ಮಾರಿ ಓದಿಸಿದ ಕೈಗೆ ನೀರಿಲ್ಲವೆಂದ ಆ ನಿಷ್ಠುರತೆ ನಮಗೆ ಅಂದು ಸರಿಕಂಡಿರಲಿಲ್ಲ. ಇಂದಿಗೂ ಪೂರ್ತಿ ಸರಿಯೆನ್ನಲು ನಾಲಿಗೆ ಏಳದು.

ಮುಂದೆ ಆದುದು ಅದಕ್ಕಿಂತ ಕಹಿ. ನೀರು ಮುಟ್ಟದ ಹೊಲಗಳವರಿಗೂ ಅಭಿವೃದ್ಧಿ ಕರದ ನೋಟೀಸು ಬಂದವು. ಅಣ್ಣನ ಮನೆಗೂ ಬಂತು. ಹತ್ತಿಯ ಬೆಲೆ ಬಿದ್ದಿತ್ತು. ರೈತನ ಒಡಲು ಬೆಂದಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಗೋಲಿಬಾರಿನಲ್ಲಿ ಪ್ರಾಣ ತೆತ್ತರು. ಇಂದಿಗೂ ಆ ದಿನ ಹುತಾತ್ಮ ದಿನವಾಗಿ ನಡೆಯುತ್ತದೆ. ಆ ವಾರದ ಒಂದು ಸಂಜೆ ಇವರು ಮಠಕ್ಕೆ ಬಂದು ಕತ್ತಲಾಗುವವರೆಗೆ ಕಟ್ಟೆಯ ಮೇಲೆ ಕುಳಿತಿದ್ದರು. ನಾವು ಪ್ರಸಾದಕ್ಕೆ ಕರೆದೆವು, ಏಳಲಿಲ್ಲ. ನೀರು ತಲುಪದ ಹೊಲಗಳನ್ನು ಕರದ ಪಟ್ಟಿಯಿಂದ ಬಿಡಬೇಕೆಂದು ಅವರು ಎರಡು ವರ್ಷ ಮೊದಲೇ ಮೇಲಿನವರಿಗೆ ಬರೆದಿದ್ದರಂತೆ. ಉತ್ತರ ಬರಲಿಲ್ಲ. "ಕಾಗದಕ್ಕೆ ಹೇಳಿದೆ, ಮಂದಿಗೆ ಹೇಳಲಿಲ್ಲ. ನೌಕರಿಯ ಅಂಜಿಕೆ" ಎಂದು ನಿವೃತ್ತಿಯಾದ ಮೇಲೆ ತಾವಾಗಿಯೇ ನಮ್ಮೆದುರು ಒಪ್ಪಿಕೊಂಡರು. ನಾವು ಅಲ್ಲವೆನ್ನಲಿಲ್ಲ.

ಅಣ್ಣ ಹನ್ನೊಂದು ವರ್ಷ ತಮ್ಮನ ಹೊಸ್ತಿಲು ತುಳಿಯಲಿಲ್ಲ. 1991ರಲ್ಲಿ ಹಿರಿಯ ಮಗಳ ಲಗ್ನ ಗೊತ್ತಾದಾಗ, ಮೊದಲ ಆಮಂತ್ರಣ ಹಿಡಿದು ತಮ್ಮನೇ ಹಳ್ಳಿಗೆ ಹೋದರು. ಜೊತೆಗೆ ನಮ್ಮನ್ನೂ ಕರೆದೊಯ್ದರು. ಪಡಸಾಲೆಯಲ್ಲಿ ಕುಳಿತೆವು. ಅಣ್ಣ ಒಳಗಿನಿಂದ ಬರಲಿಲ್ಲ. ಅತ್ತಿಗೆ ಬೆಲ್ಲ, ನೀರು ತಂದಿಟ್ಟರು. ಆಗ ಒಳಗಿನಿಂದ ಧ್ವನಿ ಕೇಳಿತು: "ಆ ನೀರು ಕಾಲುವೀದಲ್ಲ, ಬಾವೀದು ಅಂತ ಸಾಹೇಬರಿಗೆ ಹೇಳು." ಇವರು ತಂಬಿಗೆ ಎತ್ತಿ ಕುಡಿದು, "ಎಣ್ಣಾ, ಸಿಹಿ ಐತಿ" ಎಂದರು. ಒಳಗೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಅಣ್ಣ ಹೊರಬಂದು ಕೇಳಿದ್ದು ಒಂದೇ ಮಾತು: "ಹುಡುಗಿ ಎಷ್ಟೆತ್ತರ ಆಗ್ಯಾಳ?"

ಆ ಪ್ರಶ್ನೆಗೆ ಇವರ ಬಳಿ ಅಂಗುಲದವರೆಗೆ ಉತ್ತರವಿತ್ತು. ಧಾರವಾಡದ ಮನೆಯ ಅಡುಗೆಕೋಣೆಯ ಬಾಗಿಲ ಚೌಕಟ್ಟಿನ ಮೇಲೆ, ಹೊಸ್ತಿಲನ್ನೇ ಬೆಂಚ್ ಮಾರ್ಕೆಂದು ಹಿಡಿದು, ಪ್ರತಿ ಬಸವಜಯಂತಿಗೆ ಮಕ್ಕಳ ಎತ್ತರ ಗುರುತಿಸಿ ತಾರೀಖು ಹಾಕುತ್ತಿದ್ದರು. ಆಮೇಲೆ ಮೊಮ್ಮಕ್ಕಳದು. ಊರೂರು ವರ್ಗವಾದಾಗಲೂ ಸಂಸಾರವನ್ನು ಬಿಟ್ಟು ಒಬ್ಬರೇ ಹೋದವರಲ್ಲ. ಕ್ಯಾಂಪಿನ ತಗಡಿನ ಮನೆಗಳಲ್ಲಿಯೂ ಪತ್ನಿಯೊಡನೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ಆಕೆ ತೀರಿಕೊಂಡ ಮೇಲೆ ರಾತ್ರಿಯ ರೊಟ್ಟಿ ಬಿಟ್ಟರು, ಕಾರಣ ಕೇಳಿದರೆ ಹಲ್ಲು ನೋವೆನ್ನುತ್ತಿದ್ದರು.

ಮೊನ್ನೆ ಶಿವಗಣಾರಾಧನೆಗೆ ಹೋದಾಗ ಆ ಚೌಕಟ್ಟನ್ನು ನೋಡಿದೆವು. ಮಕ್ಕಳ ಗೆರೆಗಳಿಗಿಂತ ಮೇಲೆ, 1991ರ ತಾರೀಖಿನ ಒಂದು ಗೆರೆಯ ಮುಂದೆ 'ಅಣ್ಣ' ಎಂದಿದೆ. ಅಣ್ಣನೂ ಈಗಿಲ್ಲ. ಅವರ ಮಗ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿಯೇ ಕುಳಿತಿದ್ದ. ದಿಬ್ಬದ ಹೊಲಕ್ಕೆ ಈಗಲಾದರೂ ನೀರು ಬರುತ್ತದೆಯೇ ಎಂದು ಕೇಳಿದೆವು.

"ಡ್ಯಾಮು ತುಂಬಿದ ವರ್ಷ ಒಂದು ಪಾಳಿ ಬರ್ತೈತ್ರಿ, ಶಾಸ್ತ್ರಿಗಳ. ಕಾಕಾ ಹೇಳಿಕೊಟ್ಟಂಗ ಹೊಲಗಾಲುವಿ ನಾವ ತೋಡಿಕೊಂಡ್ವಿ. ತುಂಬಲಿಲ್ಲಂದ್ರ ಇಲ್ರಿ" ಎಂದ.