ತುಕ್ಕಿಗಿಂತ ಶುಲ್ಕವೇ ಭಾರ

ಮುಂಬಯಿಯ ನಮ್ಮ ಎಷ್ಟೋ ಸಂಸಾರಗಳ ಮೊದಲ ಕಾರು ಮಾರುತಿ 800. ಮಕ್ಕಳುಮರಿ ಸಮೇತ ನಮ್ಮನ್ನು ಊರಿಗೆ ಹೊತ್ತೊಯ್ದ ಅದು ಇಂದು ಕಟ್ಟಡದ ಮೂಲೆಯಲ್ಲಿ ಗಾಳಿಯಿಳಿದು ನಿಂತಿದೆ. ರಜೆಯ ದಿನ ಬಾನೆಟ್ಟು ಎತ್ತಿದರೆ ಸಾಕು, ‘ತೂಕಕ್ಕೆ ಹಾಕಿ ರಾಯರೇ’ ಎಂಬ ಬಿಟ್ಟಿ ಉಪದೇಶ!

ನಾವು ಒಪ್ಪುವುದಿಲ್ಲ. 796 ಸಿ.ಸಿ.ಯ ಆ ಮೂರು ಸಿಲಿಂಡರಿನ ಎಂಜಿನ್ನು ಮನೆಯಲ್ಲೇ ಕಲಿಯಬಹುದಾದಷ್ಟು ಸರಳ. ಹಳೆಯ ಮಾದರಿಗಳಲ್ಲಿ ಕಾರ್ಬ್ಯುರೇಟರ್ ತೊಳೆದು, ಪ್ಲಗ್ಗು, ಬ್ಯಾಟರಿ ಬದಲಿಸಿದರೆ ಎಷ್ಟೋ ಸಲ ಜೀವ ಬರುತ್ತದೆ. ನೆಲದ ತಗಡನ್ನು ತುಕ್ಕು ತಿಂದಿದ್ದರೆ ಕತ್ತರಿಸಿ ಹೊಸ ತುಂಡು ಬೆಸೆಯಬೇಕು; ಮೇಲೆ ಬಣ್ಣ ಬಳಿದು ಮುಚ್ಚುವುದು ಮೋಸ. ಬ್ರೇಕಿನ ಕೆಲಸ ಮಾತ್ರ ಬಲ್ಲವರಿಗೇ ಬಿಡಿ.

ಸರಕಾರದ ಲೆಕ್ಕ ನೋಡಿ (ಲೆಕ್ಕ ಬರೆಯುವವರಲ್ಲಿ ನಾವೂ ಒಬ್ಬರೆನ್ನಿ). 50 ವರ್ಷ ತುಂಬಿ ಮೂಲರೂಪದಲ್ಲೇ ಉಳಿದ ಕಾರಿಗೆ 2021ರ ನಿಯಮ ‘ವಿಂಟೇಜ್’ ಪಟ್ಟ ಕಟ್ಟುತ್ತದೆ. 20 ದಾಟಿದ ಕಾರಿಗೋ, 2025ರಲ್ಲಿ ನೋಂದಣಿ ನವೀಕರಣದ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದರು. 1983ರಲ್ಲಿ ಹೊರಬಂದ ಮೊಟ್ಟಮೊದಲ 800 ಸಹ 2033ರವರೆಗೆ ಕಾಯಬೇಕು. ಅಲ್ಲಿಯವರೆಗೆ ಉಳಿಸಿಕೊಂಡವನಿಗೆ ದಂಡ, ಉಳಿದ ಮೇಲೆ ಸನ್ಮಾನ!

ಕರ್ಕಶ ಸೈಲೆನ್ಸರ್ ಹಾಕಿ ಬೀದಿಯೆಬ್ಬಿಸುವ ತರುಣರ ಪರ ನಾವು ವಾದಿಸುತ್ತಿಲ್ಲ. ಅಂಥ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆದಿರುವುದು ಸರಿಯೇ. ಹೊಗೆ ಅಳೆಯಿರಿ, ಬ್ರೇಕು ಪರೀಕ್ಷಿಸಿ; ಸೋತ ಕಾರನ್ನು ನಾವೇ ಗುಜರಿಗೆ ತಳ್ಳಿಕೊಂಡು ಹೋಗುತ್ತೇವೆ. ಗೆದ್ದದ್ದಕ್ಕೆ ವಯಸ್ಸಿನ ಶುಲ್ಕವೇಕೆ? ಸಾರಿಗೆ ಸಚಿವಾಲಯಕ್ಕೆ ಸಂಘದಿಂದ ಮನವಿ ಹೋಗಲಿ. ಕರಡು ನಾವು ಬರೆದುಕೊಡುತ್ತೇವೆ.