ಗೆಳೆಯನ ಕಾರು, ಯಾರ ಖರ್ಚು?

ಗೆಳೆಯನ ಕಾರು ಕೇಳಿ ಪಡೆದು ಮದುವೆಗೆ ಹೋದವನು ಛತ್ರದ ಮುಂದೆ ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿಬಿಡುತ್ತಾನೆ. ಹಿಂದಿನ ಬಂಪರ್ ಸೀಳುತ್ತದೆ, ಡಿಕ್ಕಿ ಬಾಗಿಲು ಸ್ವಲ್ಪ ನೆಗ್ಗುತ್ತದೆ. ಯಾರಿಗೂ ಗಾಯವಿಲ್ಲ, ಪೊಲೀಸರ ಮಾತೂ ಇಲ್ಲ. ಕೀ ವಾಪಸು ಕೊಡುವ ಹೊತ್ತಿಗೆ ಇಬ್ಬರ ಬಾಯಲ್ಲೂ ಒಂದೊಂದು ಮಾತು ಸಿದ್ಧವಾಗಿರುತ್ತದೆ. ತಾಗಿಸಿದವನು, "ಹೆಂಗೂ ಇನ್ಶೂರೆನ್ಸ್ ಇದೆಯಲ್ಲ ಮಗಾ, ಕ್ಲೇಮ್ ಮಾಡಿಸಿಬಿಡು" ಎನ್ನುತ್ತಾನೆ. ಕಾರಿನವನು, "ಬಿಡೋ, ಆಮೇಲೆ ನೋಡ್ಕೊಳ್ಳೋಣ" ಎನ್ನುತ್ತಾನೆ. ಎರಡೂ ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತುಗಳು. ಆದರೂ ಎಷ್ಟೋ ಸ್ನೇಹಗಳು ಹಳಸಲು ಶುರುವಾಗುವುದು ಇಲ್ಲಿಂದಲೇ.

ಮೊದಲ ಮಾತನ್ನೇ ನೋಡೋಣ. ಇನ್ಶೂರೆನ್ಸ್ ಇದೆ ಅಂದರೆ ಖರ್ಚಿಲ್ಲ ಎಂದು ಬಹಳ ಜನ ನಂಬಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಅದು ನಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ; ನಮ್ಮದೇ ಬಂಪರಿಗೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಹಳೆಯ ಕಾರಿನ ಎಷ್ಟೋ ಮಾಲೀಕರು ಅಷ್ಟನ್ನೇ ಮಾಡಿಸಿರುತ್ತಾರೆ. ಪೂರ್ತಿ ಪಾಲಿಸಿ ಇದೆ ಅಂತಲೇ ಇಟ್ಟುಕೊಳ್ಳಿ. ಗ್ಯಾರೇಜಿನವರು ಒಂಬತ್ತು ಸಾವಿರದ ಎಸ್ಟಿಮೇಟ್ ಕೊಟ್ಟರು: ಬಂಪರಿಗೆ ಐದು ಸಾವಿರ, ಟಿಂಕರಿಂಗ್, ಪೇಂಟಿಂಗಿಗೆ ನಾಲ್ಕು. ಜೀರೋ ಡೆಪ್ರಿಸಿಯೇಷನ್ ತೆಗೆದುಕೊಂಡಿರದಿದ್ದರೆ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಕಳೆಯುತ್ತಾರೆ. ಅಲ್ಲಿಗೆ ಎರಡೂವರೆ ಸಾವಿರ ಹೋಯಿತು. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮಾಲೀಕನೇ ಹಾಕಬೇಕಾದ ಕಡ್ಡಾಯ ಪಾಲು 1,000 ರೂಪಾಯಿ. ಬಣ್ಣದ ಸಾಮಾನಿನ ಮೇಲೂ ಒಂದಿಷ್ಟು ಕಡಿತ. ಕೈಗೆ ಬರುವುದು ಹೆಚ್ಚೆಂದರೆ ಐದು ಸಾವಿರದ ಆಸುಪಾಸು.

ಇಷ್ಟು ಬರುವುದಕ್ಕೆ ಹೋಗುವುದೆಷ್ಟು? ಇದನ್ನು ಯಾರೂ ಕೂತು ಲೆಕ್ಕ ಹಾಕುವುದಿಲ್ಲ. ಕ್ಲೇಮ್ ಮಾಡದ ಮೊದಲ ವರ್ಷಕ್ಕೆ ಗಾಡಿಯ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ, ಆಮೇಲೆ ವರ್ಷದಿಂದ ವರ್ಷಕ್ಕೆ 25, 35, 45, ಐದನೆಯ ವರ್ಷ ದಾಟಿದರೆ 50. ಇದೇ ನೋ ಕ್ಲೇಮ್ ಬೋನಸ್. ಒಂದು ಕ್ಲೇಮ್ ಆದರೆ ಅದು ಸೊನ್ನೆಗೆ ಇಳಿಯುತ್ತದೆ. ಹನ್ನೆರಡು ಸಾವಿರದ ಪ್ರೀಮಿಯಂಗೆ ಆರು ಸಾವಿರ ಕಟ್ಟುತ್ತಿದ್ದವನು ಮುಂದಿನ ವರ್ಷ ಪೂರ್ತಿ ಹನ್ನೆರಡು ಕಟ್ಟಬೇಕು, ಅದರ ಮುಂದಿನ ವರ್ಷ 9,600, ಆಮೇಲೆ 9,000, 7,800, 6,600. ಹಳೆಯ ಮಟ್ಟಕ್ಕೆ ಮರಳುವಷ್ಟರಲ್ಲಿ ಹೆಚ್ಚಿಗೆ ಕಟ್ಟಿದ್ದು 15,000 ರೂಪಾಯಿ. ಕಾರಿಗೆ ವಯಸ್ಸಾದಂತೆ ಪ್ರೀಮಿಯಂ ಇಳಿಯುವುದರಿಂದ ಈ ಮೊತ್ತ ತುಸು ಕಡಿಮೆಯಾದೀತು. ಬೋನಸ್ ಉಳಿಸುವ ಆಡ್-ಆನ್ ಇದ್ದವರ ಕಥೆ ಬೇರೆ. ಆದರೂ ಐದು ಸಾವಿರಕ್ಕಾಗಿ ಇಷ್ಟು ಕಳೆದುಕೊಳ್ಳುವ ಕಾರಿನವನಿಗೆ "ಕ್ಲೇಮ್ ಮಾಡಿಸಿಬಿಡು" ಅನ್ನುವುದೆಂದರೆ, ಅವನು ಐದು ವರ್ಷ ಜೋಪಾನವಾಗಿ ಗಾಡಿ ಓಡಿಸಿ ಗಳಿಸಿದ್ದನ್ನು ನನ್ನ ಒಂದು ಕ್ಷಣದ ಮೈಮರೆವಿಗೆ ಕೊಡು ಎಂದು ಕೇಳಿದಂತೆ. ಸಣ್ಣ ರಿಪೇರಿಗೆ ಕ್ಲೇಮಿನ ಮಾತು ತಾಗಿಸಿದವನ ಬಾಯಿಂದ ಬರಲೇಬಾರದು. ಬೇಕೋ ಬೇಡವೋ ಅನ್ನುವುದು ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರ ತೀರ್ಮಾನ. ಅವರು ಕ್ಲೇಮ್ ಮಾಡಿಸಿದರೂ, ಕಡಿತವಾದ ಹಣವನ್ನೂ ಹೋದ ಬೋನಸ್ಸನ್ನೂ ಇವನೇ ತುಂಬಿಕೊಡಬೇಕು.

ಕ್ಲೇಮ್ ಮಾಡುವಾಗ ಇನ್ನೊಂದು ತಪ್ಪೂ ನಡೆಯುತ್ತದೆ. ಗೆಳೆಯ ಓಡಿಸುತ್ತಿದ್ದ ಅಂದರೆ ದುಡ್ಡು ಬರುವುದಿಲ್ಲವೇನೋ ಎಂಬ ಭಯದಿಂದ ಮಾಲೀಕ ತಾನೇ ಓಡಿಸುತ್ತಿದ್ದೆ ಎಂದು ಬರೆದುಕೊಡುತ್ತಾನೆ. ಸ್ವಂತ ಬಳಕೆಯ ಕಾರಿನ ಪಾಲಿಸಿಯಲ್ಲಿ ಮಾಲೀಕನ ಒಪ್ಪಿಗೆಯಿಂದ, ಸರಿಯಾದ ಲೈಸೆನ್ಸ್ ಇರುವ ಯಾರು ಓಡಿಸಿದರೂ ನಡೆಯುತ್ತದೆ. ಈ ಸುಳ್ಳಿನಿಂದ ಯಾರಿಗೂ ಲಾಭವಿಲ್ಲ. ಸರ್ವೇಯರ್‌ಗೆ ಅನುಮಾನ ಬಂದರೆ ಸಿಗಬೇಕಾದ ಹಣವೂ ಸಿಗುವುದಿಲ್ಲ.

ಕಾನೂನು ಏನನ್ನುತ್ತದೆ? 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ಇನ್ನೊಬ್ಬರ ವಸ್ತುವನ್ನು ಬಳಸಲು ಪಡೆದವನು ಸಾಮಾನ್ಯ ವಿವೇಕದ ಮನುಷ್ಯ ತನ್ನ ವಸ್ತುವನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ಅದನ್ನು ನೋಡಿಕೊಳ್ಳಬೇಕು. ಅಷ್ಟು ಜೋಪಾನ ಮಾಡಿದಮೇಲೂ ಹಾನಿಯಾದರೆ ಅವನು ಹೊಣೆಯಲ್ಲ. ಕೊಡುವವನಿಗೂ ಕರ್ತವ್ಯವಿದೆ: ತನಗೆ ಗೊತ್ತಿರುವ ದೋಷವನ್ನು ಮೊದಲೇ ತಿಳಿಸಬೇಕು. ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ ಎಂದು ಗೊತ್ತಿದ್ದೂ ಸುಮ್ಮನೆ ಕೀ ಕೊಟ್ಟವನು, ಆಮೇಲೆ ಗೆಳೆಯನನ್ನು ದೂರುವ ಹಾಗಿಲ್ಲ.

ಕಂಬಕ್ಕೆ ತಾಗಿಸಿದ್ದರಲ್ಲಿ ಹೊಣೆ ಯಾರದು ಎಂಬ ಗೊಂದಲವೇ ಇಲ್ಲ. ಕಷ್ಟವಾಗುವುದು, ಸರಿಯಾದ ಜಾಗದಲ್ಲಿ ನಿಲ್ಲಿಸಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಯಾವನೋ ಗೀರಿ ಹೋಗಿದ್ದರೆ. ಕಾನೂನು ಇವನನ್ನು ಬಿಟ್ಟುಬಿಡುತ್ತದೆ. ಆದರೂ ಅವನೇ ಕೊಡಬೇಕು ಎಂಬುದು ನನ್ನ ನಿಲುವು. ಆ ಹೊತ್ತಿನಲ್ಲಿ ಕಾರು ಆ ಜಾಗದಲ್ಲಿದ್ದದ್ದು ಇವನ ಕೆಲಸಕ್ಕೆ. ಇಲ್ಲದಿದ್ದರೆ ಅದು ಗೆಳೆಯನ ಮನೆಯ ಗೇಟಿನೊಳಗೆ ಇರುತ್ತಿತ್ತು. ಇದೇ ನ್ಯಾಯವನ್ನು ತಿರುಗಿಸಿಯೂ ನೋಡಬೇಕು. ಕಾರಿನವನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲೋ, ರಾತ್ರಿ ಅವನ ಮನೆಯವರನ್ನು ಸ್ಟೇಷನ್ನಿನಿಂದ ಕರೆತರಲೋ ಗೆಳೆಯ ಸ್ಟಿಯರಿಂಗ್ ಹಿಡಿದಿದ್ದರೆ ಖರ್ಚು ಕಾರಿನವನದೇ, ತಾಗಿಸಿದ್ದು ಗೆಳೆಯನ ಕೈಯಾದರೂ. ನಮ್ಮ ಕೆಲಸಕ್ಕೆ ನಿದ್ದೆಗೆಟ್ಟವನ ಮುಂದೆ ಬಿಲ್ ಹಿಡಿಯುವುದು ಮನುಷ್ಯತ್ವವಲ್ಲ. ಯಾರ ಕೈ ಅನ್ನುವುದಕ್ಕಿಂತ ಯಾರ ಕೆಲಸ ಅನ್ನುವುದನ್ನು ಮೊದಲು ಕೇಳಿದರೆ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ.

ಇನ್ನು ಕಾರಿನವನ "ಬಿಡೋ." ನಮ್ಮಲ್ಲಿ ದುಡ್ಡಿನ ಮಾತೆತ್ತುವುದಕ್ಕೆ ವಿಪರೀತ ದಾಕ್ಷಿಣ್ಯ. ಹಾಗಾಗಿ ಕೊಡಬೇಕಾದವನೇ ಮೊದಲು ಮಾತೆತ್ತಬೇಕು, ಅದೂ ಅದೇ ದಿನ. "ಎಷ್ಟಾಯ್ತು ಹೇಳು, ಕೊಡ್ತೀನಿ" ಅಂದರೆ ಸಾಲದು. ಹಾಗಂದರೆ ಕೇಳುವ ಸಂಕಟವನ್ನು ಮತ್ತೆ ಅವನಿಗೇ ಒಪ್ಪಿಸಿದಂತಾಯಿತು. ಅವನು ನಂಬುವ ಗ್ಯಾರೇಜಿಗೆ ತಾನೇ ಗಾಡಿ ಒಯ್ದು, ಎಸ್ಟಿಮೇಟ್ ಬರೆಸಿ, ಅಡ್ವಾನ್ಸ್ ಕಟ್ಟಿ ಬರುವುದು ಸರಿಯಾದ ದಾರಿ. ಕಾರಿನವನು ಆ ಹಣ ಬೇಡ ಅನ್ನುವುದಾದರೆ ಮನಸಾರೆ ಅನ್ನಬೇಕು. ಅಂದಮೇಲೆ ಬೇರೆ ಗೆಳೆಯರ ಮುಂದೆ ಆ ಬಂಪರಿನ ಕಥೆ ತೆಗೆಯಬಾರದು. ತೆಗೆದುಕೊಳ್ಳುವುದಾದರೆ ಆದ ಹಾನಿಗೆ ಎಷ್ಟೋ ಅಷ್ಟೇ. ಹಿಂದಿನ ವರ್ಷ ಗೋಡೆಗೆ ಉಜ್ಜಿದ ಎಡ ಬಾಗಿಲನ್ನೂ ಇದೇ ಬಿಲ್ಲಿಗೆ ಸೇರಿಸಿ ಬಣ್ಣ ಹೊಡೆಸುವುದು, ಬಂಪರನ್ನು ಬೆಸೆದು ಸರಿಮಾಡಬಹುದಾಗಿದ್ದರೂ ಶೋರೂಮಿನ ಹೊಸದೇ ಬೇಕು ಎಂದು ಪಟ್ಟು ಹಿಡಿಯುವುದು ಗೆಳೆಯನ ಸಂಕೋಚವನ್ನು ದುಡಿಸಿಕೊಂಡಂತೆ.

ಇಬ್ಬರ ಸಂಪಾದನೆ ಒಂದೇ ಆಗಿರಬೇಕೆಂದಿಲ್ಲ. ತಿಂಗಳಿಗೆ ಹದಿನೆಂಟು ಸಾವಿರ ದುಡಿಯುವವನಿಗೆ ಒಂಬತ್ತು ಸಾವಿರ ಅಂದರೆ ಹದಿನೈದು ದಿನದ ದುಡಿಮೆ, ಮನೆ ಬಾಡಿಗೆ, ಮಗುವಿನ ಫೀಸು. ಅವನು "ಮೂರು ತಿಂಗಳಲ್ಲಿ ಕೊಟ್ಟು ಮುಗಿಸ್ತೀನಿ" ಅಂದರೆ, ಪೂರ್ತಿ ಬಿಟ್ಟುಬಿಡುವ ಶಕ್ತಿ ಇದ್ದವರೂ ಅವನಿಂದ ಒಂದಿಷ್ಟು ತೆಗೆದುಕೊಳ್ಳಬೇಕು ಎಂದೇ ನನ್ನ ಭಾವನೆ. ಏನೂ ಕೊಡಲು ಬಿಡದಿದ್ದರೆ ಅವನು ಮತ್ತೆ ಆ ಮನೆಗೆ ಬಂದು ಕಾರು ಕೇಳುವುದಿಲ್ಲ, ಹೆಂಡತಿಗೆ ಹೆರಿಗೆ ನೋವು ಬಂದ ರಾತ್ರಿಯೂ ಕೇಳುವುದಿಲ್ಲ.